ಏಳು ಪುಟದ ಲಾವಣಿ

ವನದುರ್ಗದ ಅಂಬ್ರಪ್ಪನ ಮಗಳು ಪರಿಮಳಾ ಏನು ಓದುತ್ತಿದ್ದಾಳೆ ಎಂಬುದು ಊರಿಗೆ ಸರಿಯಾಗಿ ತಿಳಿಯಲು ನಾಲ್ಕು ವರ್ಷ ಹಿಡಿಯಿತು. ತಪ್ಪು ಊರಿನದಲ್ಲ, ಅಂಬ್ರಪ್ಪನದು. ಶಹಾಪುರದ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಈ ಮನುಷ್ಯ ಇನ್ನೂರು ಹುಡುಗರಿಗೆ ಅಳತೆ ತಪ್ಪದೆ ಅನ್ನ ಬೇಯಿಸಬಲ್ಲ. ಆದರೆ ಮಗಳ ಮಾತು ಬಂದರೆ ಅವನಿಗೆ ಅಳತೆ ಎಂಬುದೇ ಇಲ್ಲ. ಅವಳು ಕಲಬುರಗಿಯಲ್ಲಿ ಐದು ವರ್ಷದ ಕೋರ್ಸಿಗೆ ಸೇರಿದ ದಿನ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಿಂತು, "ನನ್ನ ಮಗಳು ಎರಡು ಓದಾಕತ್ಯಾಳ್ರಿ. ಒಂದು ಕಾಯ್ದೆ, ಇನ್ನೊಂದು ಅರ್ಥಶಾಸ್ತ್ರ" ಎಂದು ಸಾರಿದ. ಅರ್ಥಶಾಸ್ತ್ರ ಅಂದ್ರ ಏನೋ ಮಾರಾಯ ಎಂದು ಯಾರೋ ಕೇಳಿದರು. ಅಂಬ್ರಪ್ಪ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಯೋಚಿಸಿ, "ಅರ್ಥ ಹೇಳೋ ಶಾಸ್ತ್ರ" ಎಂದುಬಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ. ಪರಿಮಳಾ ರಜೆಗೆ ಊರಿಗೆ ಬಂದರೆ ಸಾಕು, ಜನ ಕಾಗದ ಹಿಡಿದು ಬರುತ್ತಿದ್ದರು. ಕರೆಂಟ್ ಬಿಲ್ಲು, ಬ್ಯಾಂಕಿನ ಮೆಸೇಜು, ಸೊಸೈಟಿ ನೋಟೀಸು, ಮೊಮ್ಮಗನ ಅಂಕಪಟ್ಟಿ. "ಇದರ ಅರ್ಥ ಹೇಳವ್ವಾ." ಆಚೆ ಓಣಿಯ ಮದೀನಾಬೀಯಂತೂ ಕಾಗದವಿಲ್ಲದೆ ಕನಸನ್ನೇ ತಂದಳು. ಕನಸಿನಲ್ಲಿ ಬಿಳಿ ಕುದುರೆ ಬಂದಿತ್ತಂತೆ.

"ಅಜ್ಜಿ, ಇದು ಆ ಅರ್ಥ ಅಲ್ಲ" ಎಂದಳು ಪರಿಮಳಾ.

"ಮತ್ಯಾವ ಅರ್ಥ?"

"ರೊಕ್ಕ, ದುಡಿಮಿ, ಮಾರಾಟ, ಅಂಥಾದ್ದು."

"ಹಂಗಾದ್ರ ಕುದುರಿ ರೊಕ್ಕ ತರ್ತದಂತೀ" ಎಂದು ಮುದುಕಿ ಖುಷಿಯಿಂದ ಎದ್ದು ಹೋದಳು. ಪರಿಮಳಾಳ ವಕೀಲಿಕೆಯ ಮೊದಲ ಕಕ್ಷಿದಾರಳು ಹೀಗೆ ಸಂತೃಪ್ತಳಾದಳು.

ಎರಡನ್ನೂ ಒಟ್ಟಿಗೆ ಓದಬೇಕೆಂದು ಹಟ ಹಿಡಿದವನೂ ಅಂಬ್ರಪ್ಪನೇ. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಪಕ್ಕ ನೀಲಿ ಕೋಟಿನ ಬಾಬಾಸಾಹೇಬರ ಫೋಟೋ ಇದೆ. ಪಿಯುಸಿ ಮುಗಿದಾಗ ಮಗಳು ಅರ್ಥಶಾಸ್ತ್ರ ಇಷ್ಟ ಎಂದಳು, ತಂದೆಗೆ ಅವಳು ಕರಿ ಕೋಟು ಹಾಕುವುದು ಬೇಕಿತ್ತು. ಎರಡು ದಿನ ಇಬ್ಬರೂ ಪಟ್ಟು ಬಿಡಲಿಲ್ಲ. ಮೂರನೇ ದಿನ ಅಂಬ್ರಪ್ಪ ಫೋಟೋದ ಕಡೆ ಕೈ ತೋರಿಸಿ, "ಇವರು ಎರಡೂ ಓದಿದ್ರು. ನಿನಗೇನ್ ಧಾಡಿ?" ಎಂದು ಕೇಳಿದ. ಇದಕ್ಕೆ ಯಾರು ಎದುರಾಡುತ್ತಾರೆ? ಅದೃಷ್ಟಕ್ಕೆ ಎರಡನ್ನೂ ಕೂಡಿಸಿ ಕಲಿಸುವ ಕೋರ್ಸು ಕಲಬುರಗಿಯಲ್ಲೇ ಇತ್ತು.

ಓದು ಅವಳಿಗೆ ಹಿಡಿಸಿತು. ಬೆಳಿಗ್ಗೆ ಅರ್ಥಶಾಸ್ತ್ರದ ಪಾಠ, ಮಧ್ಯಾಹ್ನ ಕಾನೂನಿನದು. ಬೆಳಗಿನ ಮೇಷ್ಟ್ರು, ಯಾರಿಗೆ ಏನು ಬೇಕಾಗಿದೆ ಎಂದು ಕೇಳುತ್ತಿದ್ದರು. ಮಧ್ಯಾಹ್ನದ ಮೇಡಮ್ಮು, ಯಾರಿಗೆ ಏನು ಸಲ್ಲಬೇಕು ಎಂದು ಕೇಳುತ್ತಿದ್ದರು. ಇವರಿಬ್ಬರೂ ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರ ಹೇಳಿ ದಾಟಿ ಹೋಗುತ್ತಿದ್ದರೇ ಹೊರತು ಪಾಠದ ಮಾತು ಆಡಿದ್ದನ್ನು ಯಾರೂ ಕಂಡಿಲ್ಲ. ಪರಿಮಳಾಳೂ ಎರಡು ನೋಟ್‌ಬುಕ್ಕು ಇಟ್ಟಳು, ಒಂದರ ಮಾತು ಇನ್ನೊಂದಕ್ಕೆ ತಾಗದ ಹಾಗೆ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಭೂಮಿ ಕಾಯ್ದೆಗಳ ಪೇಪರಿನಲ್ಲಿ ಎಪ್ಪತ್ತೊಂದು ಅಂಕ ಬಂದಾಗ ಅಂಬ್ರಪ್ಪ ಹಾಸ್ಟೆಲಿನ ಹುಡುಗರಿಗೆಲ್ಲ ಸಜ್ಜಿಗೆ ಮಾಡಿ ಬಡಿಸಿದ.

ಮೂರನೇ ವರ್ಷದ ರಜೆಯಲ್ಲಿ ಅವಳು ಒಂದು ತಿಂಗಳು ಯಾದಗಿರಿ ಕೋರ್ಟಿನಲ್ಲಿ ಒಬ್ಬ ವಕೀಲರ ಹಿಂದೆ ಫೈಲು ಹೊತ್ತು ತಿರುಗಿದಳು. ಅಲ್ಲಿ ನೋಡಿದ ಒಂದು ಜೋಡಿ ಅವಳ ತಲೆಯಿಂದ ಹೋಗಲೇ ಇಲ್ಲ. ಅಣ್ಣ ತಂಗಿ, ಇಬ್ಬರಿಗೂ ಅರವತ್ತು ದಾಟಿತ್ತು. ಹೊಲದ ಪಾಲಿನ ದಾವೆ, ಹನ್ನೊಂದನೇ ವರ್ಷ. ಒಂದೇ ಬೆಂಚಿನ ಎರಡು ತುದಿಗೆ ಕೂತು, ಒಂದೇ ಊರಿನ ಜೋಳದ ರೊಟ್ಟಿಯನ್ನು ಬೇರೆ ಬೇರೆ ಗಂಟು ಬಿಚ್ಚಿ ತಿನ್ನುತ್ತಿದ್ದರು. ತಂಗಿಯ ಕೇಸು ಗಟ್ಟಿಯಾಗಿತ್ತು, ಗೆಲ್ಲುವವಳೂ ಅವಳೇ. ಆದರೂ ಪರಿಮಳಾಗೆ ಆ ಮುದುಕಿಯ ಮುಖದಲ್ಲಿ ಗೆಲುವಿನ ಸುಳಿವು ಒಂದಿಷ್ಟೂ ಕಾಣಲಿಲ್ಲ.

ಇಷ್ಟೆಲ್ಲ ಆದ ಮೇಲೆ ನಾಲ್ಕನೇ ವರ್ಷದ ಪಂಚಮಿ ಬಂತು.

ನಮ್ಮ ಕಡೆ ಪಂಚಮಿ ಎಂದರೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುವ ಹಬ್ಬ. ಪರಿಮಳಾಳ ತಾಯಿ ಸುಂದ್ರಮ್ಮನ ಮನೆಯಲ್ಲಿ ನಾಗಪ್ಪನಿಗೆ ಹಾಲೆರೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಉಂಡಿ ಮತ್ತು ಜೋಕಾಲಿಯನ್ನು ಮಾತ್ರ ಬಿಟ್ಟಿಲ್ಲ. ಅದನ್ನು ಬಿಡು ಎಂದು ಹೇಳುವ ಧೈರ್ಯ ಅಂಬ್ರಪ್ಪನಿಗೂ ಇಲ್ಲ. ಸುಂದ್ರಮ್ಮ ವರ್ಷವಿಡೀ ಪರರ ಹತ್ತಿ ಹೊಲದಲ್ಲಿ ಬಗ್ಗಿ ದುಡಿಯುವವಳು. ಆ ಮೂರು ದಿನ ಮಾತ್ರ ಅವಳು ಯಾರದೋ ಮಗಳು. ಅವಳ ತವರು ಸುರಪುರದ ಬದಿಯ ಒಂದು ಹಳ್ಳಿ. ತಾಯಿ ಮೊದಲೇ ತೀರಿದ್ದಳು, ತಂದೆ ಹೋಗಿ ಎರಡು ವರ್ಷ. ಈಗ ಅಲ್ಲಿರುವುದು ತಮ್ಮ ಅಮಾತೆಪ್ಪ, ಅವನ ಹೆಂಡತಿ ಲಕ್ಷ್ಮಿ, ಮತ್ತೆ ತಂದೆ ದುಡಿದು ಕೊಂಡಿದ್ದ ನಾಲ್ಕು ಎಕರೆ ಕಾಲುವೆ ನೀರಿನ ಹೊಲ.

ಹಬ್ಬಕ್ಕೆ ಎರಡು ದಿನ ಮುಂಚೆ ಅಮಾತೆಪ್ಪ ಅಕ್ಕನನ್ನು ಕರೆಯಲು ಬಂದ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಏನಾದರೂ ಕೇಳಬೇಕಾಗಿ ಬಂದರೆ ಕಿವಿಯ ತುದಿ ಕೆಂಪಾಗುತ್ತದೆ. ಅಂದು ಎರಡೂ ಕಿವಿ ಕೆಂಪಾಗಿದ್ದವು. ಚಹಾ ಮುಗಿಸಿ ಚೀಲದಿಂದ ಉಂಡಿಯ ಡಬ್ಬಿ ತೆಗೆದ, ಅದರ ಕೆಳಗಿಂದ ಒಂದು ಕಾಗದ ತೆಗೆದ.

"ಪಹಣಿ ಇನ್ನಾ ಅಪ್ಪನ ಹೆಸರಿಗೇ ಅದ ಅಕ್ಕಾ. ಫೌತಿ ಮಾಡಿಸಿ ನನ್ನ ಹೆಸರಿಗಿ ಮಾಡ್ಕೋಬೇಕಂದ್ರ ನಿನ್ನ ಸಹಿ ಬೇಕಂತ. ಸೋಮವಾರ ಸುರಪುರದಾಗ ರಿಜಿಸ್ಟರ್ ಮಾಡಿಸೋಣು."

ಫೌತಿ ಎಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು; ಅವನ ಕೈಯಲ್ಲಿದ್ದ ಕಾಗದ ಮಾತ್ರ ಹಕ್ಕು ಬಿಡುಗಡೆ ಪತ್ರ. ಸುಂದ್ರಮ್ಮ ತನ್ನ ಅರ್ಧ ಪಾಲನ್ನು ಸ್ವಖುಷಿಯಿಂದ ತಮ್ಮನಿಗೆ ಬಿಟ್ಟುಕೊಟ್ಟಿದ್ದಾಳೆ ಎಂದು ಅದರಲ್ಲಿ ಬರೆದಿತ್ತು. ಹೀಗೆ ಬಿಟ್ಟುಕೊಡುವುದು ಈ ಕಡೆ ಹೊಸದೇನಲ್ಲ. ಅಕ್ಕತಂಗಿಯರು ಹೊಲ ಬಿಡುತ್ತಾರೆ, ಅಣ್ಣತಮ್ಮಂದಿರು ಪಂಚಮಿಗೆ ಕರೆಯುತ್ತಾರೆ, ಉಡಿ ತುಂಬುತ್ತಾರೆ. ಪಾಲು ಕೇಳಿದವಳಿಗೆ ಕರೆ ಬರುವುದಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು.

ಸುಂದ್ರಮ್ಮ ಕಾಗದ ಮುಟ್ಟಲಿಲ್ಲ. "ಹಬ್ಬ ಮುಗೀಲಿ" ಎಂದಳು. ಆಮೇಲೆ ಒಳಮನೆಗೆ ಬಂದು, ಹಬ್ಬದ ರಜೆಗೆ ಬಂದಿದ್ದ, ಮಾವನ ಊರಿಗೆ ಹೊರಡಲು ಬಟ್ಟೆ ತುಂಬಿಕೊಳ್ಳುತ್ತಿದ್ದ ಮಗಳ ಎದುರು ಕೂತಳು.

"ಸಹಿ ಮಾಡಿದ್ರ ಅಪ್ಪನ ಹೊಲ ಹೋಗ್ತದ. ಮಾಡಲಿಲ್ಲಂದ್ರ ತಮ್ಮ ಹೋಗ್ತಾನ. ಯಾರಿಗೋ ಕನಸಿನ ಅರ್ಥ ಹೇಳಿದಿ. ನಾಕು ವರ್ಷ ಎರಡೆರಡು ಓದೀಯಲ್ಲ, ನನಗ ಎರಡೂ ಉಳಿಯೋದು ಹೇಳು."

ತಾಯಿ ತನಗಾಗಿ ಏನನ್ನಾದರೂ ಕೇಳಿದ್ದು ಪರಿಮಳಾಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ಅವಳಿಗೆ ಕಣ್ಣು ತುಂಬಿ ಬಂತು, ಜೊತೆಗೆ ಹೆದರಿಕೆಯೂ ಆಯಿತು. ಸೋಮವಾರಕ್ಕೆ ಉಳಿದದ್ದು ಐದು ದಿನ.

ತಾಯಿ ಮಗಳು ಇಬ್ಬರೂ ಅಮಾತೆಪ್ಪನ ಊರಿಗೆ ಹೋದರು. ಸುಂದ್ರಮ್ಮ ಹುಣಸೆ ಮರದ ಜೋಕಾಲಿಯಲ್ಲಿ ನಾದಿನಿ ಲಕ್ಷ್ಮಿಯ ಜೊತೆ ಕಿರುಚಿಕೊಂಡು ಜೀಕುತ್ತಿದ್ದರೆ, ಪರಿಮಳಾ ಮಾಳಿಗೆಯ ಮೇಲೆ ಎರಡೂ ನೋಟ್‌ಬುಕ್ಕು ಬಿಚ್ಚಿ ಕೂತಳು. ಕಾನೂನಿನ ನೋಟ್‌ಬುಕ್ಕು ಒಂದೇ ಮಾತು ಹೇಳಿತು: ಮಗಳಿಗೂ ಸಮಪಾಲು ಇದೆ, ಕೊಡದಿದ್ದರೆ ದಾವೆ ಹಾಕು. ಯಾದಗಿರಿಯ ಬೆಂಚು ನೆನಪಾಗಿ ಅವಳು ಅದನ್ನು ಮುಚ್ಚಿದಳು. ಅರ್ಥಶಾಸ್ತ್ರದ ನೋಟ್‌ಬುಕ್ಕು, ಇಬ್ಬರಿಗೂ ಲಾಭವಾಗುವ ಒಪ್ಪಂದ ಇದ್ದೇ ಇರುತ್ತದೆ, ಹುಡುಕು ಎಂದಿತು. ಹುಡುಕಿದಳು. ಎರಡನೇ ದಿನ ಮಧ್ಯಾಹ್ನ ಹೊಳೆದೇಬಿಟ್ಟಿತು: ಲಾವಣಿ!

ದಕ್ಷಿಣದವರು ಲಾವಣಿ ಎಂದರೆ ಹಾಡು ಎಂದುಕೊಂಡಾರು. ಇಲ್ಲಿ ಲಾವಣಿ ಎಂದರೆ ಹೊಲವನ್ನು ಇನ್ನೊಬ್ಬರಿಗೆ ಉಳಲು ಕೊಟ್ಟು ವರ್ಷಕ್ಕೆ ಇಷ್ಟು ಎಂದು ಮಾತಾಡಿಕೊಳ್ಳುವುದು. ಅಂಬ್ರಪ್ಪನೇ ಹಾಸ್ಟೆಲ್ ಕೆಲಸದ ಜೊತೆಗೆ ಒಬ್ಬರ ಎರಡು ಎಕರೆಯನ್ನು ಲಾವಣಿಗೆ ಹಾಕಿಕೊಂಡಿದ್ದ. ಪರಿಮಳಾ ಈ ಶಬ್ದವನ್ನು ರೊಟ್ಟಿ, ಚಟ್ನಿ ಎಂಬ ಶಬ್ದಗಳ ಜೊತೆಗೇ ಕಲಿತವಳು. ತಾಯಿಯ ಹೆಸರಿಗೆ ಎರಡು ಎಕರೆ ಉಳಿಯಲಿ, ಅದನ್ನು ಮಾವ ಲಾವಣಿಗೆ ಉಳಲಿ, ಲಾವಣಿಯಾಗಿ ವರ್ಷಕ್ಕೆ ಎರಡು ಚೀಲ ಜೋಳ ಮತ್ತು ತಪ್ಪದ ಪಂಚಮಿ. ಹೊಲವೂ ಉಳಿಯಿತು, ತಮ್ಮನೂ ಉಳಿದ. ಅವಳು ಖುಷಿಯಿಂದ ಏಳು ಪುಟ ಬರೆದಳು. ಹದಿನಾಲ್ಕು ಷರತ್ತು ಹಾಕಿದಳು. ಒಂಬತ್ತನೆಯದು ಉಂಡಿಯ ಬಗ್ಗೆ: ಶೇಂಗಾದ್ದು, ಎಳ್ಳಿನದು, ಎರಡೂ ಇರತಕ್ಕದ್ದು.

ರಾತ್ರಿ ಊಟಕ್ಕೆ ಕೂತಾಗ ಎಲ್ಲರಿಗೂ ಓದಿ ಹೇಳಿದಳು. ಸುಂದ್ರಮ್ಮ, "ಹಿಂಗಿರಬೇಕು ನೋಡು, ನನ್ನ ಮಗಳಂದ್ರ!" ಎಂದು ನಕ್ಕಳು. ಅಮಾತೆಪ್ಪನಿಗೆ ಪೂರ್ತಿ ಸಮಾಧಾನವಿರಲಿಲ್ಲ, ಆದರೆ ಹದಿನಾಲ್ಕು ಷರತ್ತಿನ ಎದುರು ತಲೆಯಾಡಿಸಿದ. "ಆಫೀಸಿನವರು ಹೂಂ ಅಂದ್ರ ನಂದೇನ್ ಅದ" ಎಂದ. ಆ ಮನೆಯಲ್ಲಿ ಕೂತ ಒಬ್ಬರಿಗೂ, ಬರೆದವಳಿಗೂ, ಅದರಲ್ಲಿ ಏನು ತಪ್ಪಿದೆ ಎಂದು ಹೊಳೆಯಲಿಲ್ಲ.

ಸೋಮವಾರ ಸುರಪುರಕ್ಕೆ ಹೋದರು. ರಿಜಿಸ್ಟರ್ ಆಫೀಸಿನ ಹೊರಗೆ ಬೇವಿನ ಮರದ ಕೆಳಗೆ ನಸೀರುದ್ದೀನ ಎಂಬ ಬಾಂಡ್ ರೈಟರ್ ಕೂಡುತ್ತಾರೆ. ಮೂವತ್ತೈದು ವರ್ಷದಿಂದ ಜನರ ಖರೀದಿ ಪತ್ರ, ದಾನಪತ್ರ ಬರೆಯುತ್ತ ಬಂದ ಹಿರಿಯರು. ಪರಿಮಳಾ ಹೆಮ್ಮೆಯಿಂದ ಏಳು ಪುಟ ಕೊಟ್ಟು, "ಸ್ಟ್ಯಾಂಪ್ ಪೇಪರಿಗಿ ಟೈಪ್ ಮಾಡಿಸಿ ಕೊಡ್ರಿ" ಎಂದಳು. ಅವರು ಕನ್ನಡಕ ಏರಿಸಿ ಮೊದಲ ಪುಟ ಓದಿದರು. ಎರಡನೆಯದನ್ನು ಓದಿದರು. ಮೂರನೆಯದಕ್ಕೆ ಕನ್ನಡಕ ತೆಗೆದರು.

"ಅಕ್ಷರ ಬಹಳ ಛಂದ ಅದಾವ ಬೇಟಿ. ಏನ್ ಓದಾಕತ್ತೀ?"

"ಲಾ ಮತ್ತ ಎಕನಾಮಿಕ್ಸ್. ನಾಕನೇ ವರ್ಷ."

"ಲಾ ಓದಾಕಿ ಲಾವಣಿ ರಿಜಿಸ್ಟರ್ ಮಾಡಿಸಾಕ ಬಂದೀಯೇನು?" ಎಂದು ಅವರು ಮೆಲ್ಲಗೆ ನಕ್ಕರು. "ಲಾವಣಿ ಎಲ್ಲಾರೂ ಮಾಡ್ತಾರ, ಯಾರೂ ಬರಿಯಂಗಿಲ್ಲ. ಬಾಯಿ ಮಾತಿಂದು ಅದು. ಯಾಕ ಬರಿಯಂಗಿಲ್ಲ ಅಂಬೋದು ನಿಮ್ಮ ಪುಸ್ತಕದಾಗ ಇರಬೇಕಲ್ಲ?"

ಇತ್ತು. ಭೂ ಸುಧಾರಣೆ ಕಾಯ್ದೆ, ಐದನೇ ಕಲಂ. ಸಾಗುವಳಿ ಜಮೀನನ್ನು ಲಾವಣಿಗೆ ಕೊಡುವಂತಿಲ್ಲ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು, ಅವಳು ಎರಡೂವರೆ ಪುಟ ಉತ್ತರ ಬರೆದಿದ್ದಳು, ಹತ್ತಕ್ಕೆ ಎಂಟು ಬಂದಿತ್ತು. ಅದರಲ್ಲಿ ಅವಳು ಬರೆದ ಶಬ್ದ 'ಗೇಣಿ'. ಪುಸ್ತಕದ ಗೇಣಿಯೂ ಮನೆಯ ಲಾವಣಿಯೂ ಒಂದೇ ಎಂಬುದು ಆ ಬೇವಿನ ಮರದ ಕೆಳಗೆ ನಿಲ್ಲುವವರೆಗೂ ಅವಳ ತಲೆಗೆ ಬಂದಿರಲಿಲ್ಲ.

ನೆಲ ಬಾಯ್ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಸಜ್ಜಿಗೆ ತಿಂದ ಇನ್ನೂರು ಹುಡುಗರ ಮುಖ ಕಣ್ಣ ಮುಂದೆ ಬಂತು. ಸುಂದ್ರಮ್ಮ ಮಗಳ ಮುಖ ನೋಡಿಯೇ ಕೆಲಸ ಕೆಟ್ಟಿತೆಂದು ತಿಳಿದುಕೊಂಡಳು. ಸೆರಗು ಕೊಡವಿ ಎದ್ದು, "ಇರಲಿ ಬಿಡವ್ವಾ. ಆ ಕಾಗದ ಕೊಡು ತಮ್ಮಾ, ಸಹಿ ಮಾಡ್ತೀನಿ. ಹೊಲ ಇಲ್ದನ ಇಷ್ಟು ವರ್ಷ ತೆಗದೀನಿ" ಎಂದಳು. ಅವಳಲ್ಲಿ ಸಿಟ್ಟಿರಲಿಲ್ಲ. ಪರಿಮಳಾಗೆ ಎದೆಯಲ್ಲಿ ಚುಚ್ಚಿದ್ದು ಅದೇ.

ಅಮಾತೆಪ್ಪ ಚೀಲಕ್ಕೆ ಕೈ ಹಾಕಿದ. ಕಿವಿ ಕೆಂಪಾಗಿಯೇ ಇದ್ದವು.

"ನಿಂದ್ರು ಮಾವ" ಎಂದಳು ಪರಿಮಳಾ. ಅವಳಿಗೆ ಆಗ ಯಾವ ಉಪಾಯವೂ ತಿಳಿದಿರಲಿಲ್ಲ, ತಾಯಿಯ ಕೈಯನ್ನು ತಡೆಯಬೇಕಿತ್ತು ಅಷ್ಟೇ. ತಡೆದ ಮೇಲೆ ಏನಾದರೂ ಕೇಳಬೇಕಲ್ಲ ಎಂದು, ಬೆಳಗಿನ ಮೇಷ್ಟ್ರು ನಾಲ್ಕು ವರ್ಷ ಕೇಳುತ್ತ ಬಂದದ್ದನ್ನೇ ಕೇಳಿದಳು. "ನಿನಗ ಬೇಕಾಗಿದ್ದೇನು? ಹೊಲ ನಿನ್ನೊಬ್ಬನ ಹೆಸರಿಗೇ ಯಾಕ ಬೇಕು?"

ಐದು ದಿನದಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ. ಹದಿನಾಲ್ಕು ಷರತ್ತು ಬರೆದವಳೂ ಕೇಳಿರಲಿಲ್ಲ. ಅಮಾತೆಪ್ಪ ನೆಲ ನೋಡುತ್ತ ಹೇಳಿದ: "ಕೃಷಿ ಹೊಂಡ ತೆಗಸಬೇಕಂತೀನಿ. ಕಾಲುವಿ ನೀರು ಬಂದ್ ಮಾಡಿದಾಗ ಬೇಕಾಗ್ತದ. ಸರ್ಕಾರದ ಸ್ಕೀಮಿಗಿ ಅರ್ಜಿ ಹಾಕಾಕ ಸತ್ತವರ ಹೆಸರಿನ ಪಹಣಿ ನಡಿಯಂಗಿಲ್ಲ ಅಂದ್ರು. ಅಕ್ಕನ ಕಡಿಂದ ಬಿಡಿಸ್ಕೊಂಡು ಬಾ ಅಂತ ಊರಾಗ ಯಾರೋ ಅಂದ್ರು. ನನಗ ಅಕ್ಕನ ಹೊಲ ಬ್ಯಾಡ. ಹೊಂಡ ಬೇಕು."

"ಇಷ್ಟೇನಾ?"

"ಇಷ್ಟ."

ಪರಿಮಳಾ ನಸೀರುದ್ದೀನರ ಕಡೆ ತಿರುಗಿದಳು. ಅವರು ಆಗಲೇ ಕನ್ನಡಕ ಹಾಕಿಕೊಂಡು ಅವಳನ್ನೇ ನೋಡುತ್ತಿದ್ದರು, ನೀನೇ ಹೇಳು ಎನ್ನುವ ಹಾಗೆ. ಅವಳು ಈಗ ಮಧ್ಯಾಹ್ನದ ಮೇಡಮ್ಮಿನ ಮಾತನ್ನು ನೆನಪು ಮಾಡಿಕೊಳ್ಳುತ್ತ, ಒಂದೊಂದೇ ಹೆಜ್ಜೆ ಇಟ್ಟು ಹೇಳಿದಳು. ಫೌತಿಯನ್ನು ಇಬ್ಬರ ಹೆಸರಿಗೂ ಮಾಡಿಸಬಹುದು. ಬಿಡುಗಡೆ ಪತ್ರ ಬೇಡ, ರಿಜಿಸ್ಟರೂ ಬೇಡ. ಜಂಟಿ ಮಾಲೀಕನಾದ ತಮ್ಮ ಹೊಲ ಉತ್ತರೆ ಅದು ಲಾವಣಿಯಾಗುವುದಿಲ್ಲ, ತನ್ನ ಹೊಲ ತಾನು ಉತ್ತ ಹಾಗೆ. ಹೊಂಡದ ಅರ್ಜಿಗೆ ಅಕ್ಕನ ಒಂದು ಒಪ್ಪಿಗೆ ಪತ್ರ ಸಾಕು.

"ಬರೋಬ್ಬರಿ" ಎಂದರು ನಸೀರುದ್ದೀನ. "ನಾಡಕಚೇರಿಗಿ ಹೋಗ್ರಿ. ಒಂದು ಪುಟದ ಅರ್ಜಿ." ಏಳು ಪುಟವನ್ನು ಮಡಚಿ ಅವಳ ಕೈಗೆ ವಾಪಸು ಕೊಟ್ಟು, "ಇದನ್ನ ಹರಿಯಬ್ಯಾಡ. ವಕೀಲ ಆದ ಮ್ಯಾಲ ಸೊಕ್ಕು ಬಂದಾಗ ತಗದು ಓದು" ಎಂದರು. ಫೀಸು ತೆಗೆದುಕೊಳ್ಳಲಿಲ್ಲ, ಚಹಾ ಮಾತ್ರ ಕುಡಿಸಿಕೊಂಡರು.

ಆ ಒಂದು ಪುಟವನ್ನು ಪರಿಮಳಾ ಅಲ್ಲೇ ಕಲ್ಲಿನ ಮೇಲೆ ಕೂತು ಬರೆದಳು. ಸುಂದ್ರಮ್ಮ ಓದಲು ಕಲಿತದ್ದು ಮದುವೆಯಾದ ಮೇಲೆ, ಗಂಡನ ಹತ್ತಿರ. ಈಗ ಒಂದೊಂದೇ ಅಕ್ಷರ ಕೂಡಿಸುತ್ತ ತನ್ನ ಹೆಸರನ್ನು ತಂದೆಯ ಹೆಸರಿನ ಕೆಳಗೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಸಹಿ ಮಾಡಿದಳು.

ಅಮಾತೆಪ್ಪ ಪಕ್ಕದಲ್ಲಿ ನಿಂತು ಯೋಚಿಸುತ್ತಿದ್ದ. ಅವನ ಯೋಚನೆ ನಿಧಾನ, ಆದರೆ ಎಲ್ಲಿಯೂ ತಪ್ಪುವುದಿಲ್ಲ. ಸ್ವಲ್ಪ ಹೊತ್ತಿಗೆ ಕೇಳಿದ: "ಅಲ್ಲ ಪರಿಮಳಾ, ಇವತ್ತು ಹೊಂಡಕ್ಕ ಅಕ್ಕನ ಸಹಿ. ನಾಳಿ ಪೈಪಿಗಿ ಸಹಿ. ಬೆಳಿ ವಿಮಾ ಅಂದ್ರ ಮತ್ತ ಸಹಿ. ಹಿಂಗ ಪ್ರತಿ ಸಲಾ ನಾ ವನದುರ್ಗಕ್ಕ ಬರಬೇಕಾಗ್ತದೇನು?"

ಪರಿಮಳಾ ಈ ಪ್ರಶ್ನೆಗೆ ಹೆದರಿದಳು. ಇಲ್ಲಿಗೆ ಬಂದು ಮತ್ತೆ ಕೆಡುತ್ತದೆ ಎಂದುಕೊಂಡಳು. ಬೇಕಾದರೆ ಒಂದು ಅಧಿಕಾರ ಪತ್ರ ಬರೆದುಬಿಡೋಣ, ಒಮ್ಮೆ ಬರೆದರೆ ಮುಗಿಯಿತು ಎಂದು ಹೇಳಲು ಬಾಯಿ ತೆರೆದಳು. ಆದರೆ ತಾಯಿ ಅವಳ ಮೊಣಕೈ ಹಿಡಿದು ಒತ್ತಿದಳು.

ಮದುವೆಯಾಗಿ ಇಪ್ಪತ್ತಾರು ವರ್ಷ. ಪ್ರತಿ ಶ್ರಾವಣದಲ್ಲಿ ಬಾಗಿಲ ಬಳಿ ಕೂತು, ತಮ್ಮ ಬರುತ್ತಾನೋ ಇಲ್ಲವೋ ಎಂದು ಹಾದಿ ನೋಡಿದವಳು ಸುಂದ್ರಮ್ಮ. ಮಗಳಿಗಿಂತ ಮೊದಲು ಅವಳಿಗೇ ಆ ಸಹಿಯ ಬೆಲೆ ತಿಳಿಯಿತು.

"ಹೌದೋ ತಮ್ಮಾ, ಬರಬೇಕಾಗ್ತದ" ಎಂದಳು. ಅವಳ ಮುಖ ಜೋಕಾಲಿ ಮೇಲಿದ್ದಾಗಿನಂತೆ ಅರಳಿತ್ತು. "ಊಟದ ಹೊತ್ತಿಗಿ ಬಾ. ಲಕ್ಷ್ಮೀನೂ ಕರ್ಕೊಂಡು ಬಾ."